ವೀರಭದ್ರಮ್ಮನ ಸಹಿ

ಕುರುಗೋಡಿನ ವೀರಭದ್ರಮ್ಮ ಹೆಬ್ಬೆಟ್ಟಿನವಳಲ್ಲ. ಬಳ್ಳಾರಿಯಿಂದ ಬರುವ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ ಬದುಕುವವಳು. ಊರಿನ ಮಹಿಳಾ ಸಂಘದಲ್ಲಿ ಯಾರಾದರೂ ಶಾಯಿಯ ಡಬ್ಬಿ ಮುಂದಿಟ್ಟರೆ ಪಕ್ಕಕ್ಕೆ ಸರಿಸಿ ಪೆನ್ನು ಕೇಳುತ್ತಿದ್ದಳು. ಐದಕ್ಷರ ಬರೆಯಲು ಐದು ನಿಮಿಷ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ಆ ಐದಕ್ಷರ ಬಿಟ್ಟರೆ ಓದು ಬರುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ನಾಗರಪಂಚಮಿಗೆ ಕರೆಯಲು ತಮ್ಮ ಗವಿಸಿದ್ದೇಶ್ ಹಚ್ಚೊಳ್ಳಿಯಿಂದ ಬಂದ. ತವರಿನಲ್ಲಿ ಉಂಡಿ ತಿಂದು, ಜೋಕಾಲಿ ಆಡಿ, ಮರುದಿನ ಅವನ ಜೊತೆ ಸಿರುಗುಪ್ಪದ ನೋಂದಣಿ ಕಚೇರಿಗೆ ಹೋದಳು.

"ಏನಪಾ ಇದು?"

"ಅಪ್ಪನ ಹೊಲ ನಮ್ಮಿಬ್ಬರ ಹೆಸರಿಗೆ ಮಾಡ್ಸಾಕ ಅಕ್ಕ. ಇಲ್ಲೊಂದು, ಇಲ್ಲೊಂದು ಸಹಿ ಹಾಕು."

ಪಂಚಮಿಯ ಮರುದಿನ ತಮ್ಮನನ್ನು ಅನುಮಾನಿಸುವ ಅಕ್ಕ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಧಿಕಾರಿ ಒಪ್ಪಿಗೆಯೇ ಎಂದಾಗ ಹೂಂ ಎಂದಳು. ತನ್ನ ಪಾಲಿನ ಎರಡೆಕರೆ ಕಾಲುವೆ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟ ಪತ್ರ ಅದು ಎಂದು ತಿಳಿದದ್ದು ವರ್ಷದ ನಂತರ, ಪಹಣಿ ತೆಗೆಸಿದಾಗ. ಅಳು ಬರಲೆಂದು ಕಾದಳು. ಬರಲಿಲ್ಲ. ಮತ್ತೆ ದಾರ ಕತ್ತರಿಸಲು ಕೂತಳು.

ಬಳ್ಳಾರಿ ಸತ್ಯನಾರಾಯಣಪೇಟೆಯ ವಕೀಲೆ ಶ್ರೀವಲ್ಲಿ ಪತ್ರವನ್ನು ಎರಡು ಸಲ ಓದಿದರು.

"ಹೆಬ್ಬೆಟ್ಟು ಇದ್ರ, ನಿಮಗ ಓದಿ ಹೇಳಿದವರು ಯಾರು ಅಂತ ಅವರನ್ನ ಕೇಳಬಹುದಿತ್ತು. ಸಹಿ ಐತಿ, ಓದೇ ಹಾಕ್ಯಾರ ಅಂತಾರ. ಓದಾಕ ಬರೋದಿಲ್ಲ ಅಂತ ನಾವೇ ತೋರಿಸ್ಬೇಕ್ರಿ."

"ಬರದಿದ್ದನ್ನ ಹೆಂಗ ತೋರ್ಸೋದ್ರಿ?"

"ಗೊತ್ತಿರೋರು ಯಾರರ ಅದಾರೇನು?"

"ನನ್ನ ತಮ್ಮಗ ಗೊತ್ತೈತ್ರಿ."

ಸಿರುಗುಪ್ಪದ ಕೋರ್ಟಿನಲ್ಲಿ ಕಟಕಟೆ ಹತ್ತಿ, ನನಗೆ ಓದು ಬರುವುದಿಲ್ಲ ಎಂದು ಹೇಳಿಯೇ ಬಿಟ್ಟಳು. ಜೊತೆಗೆ ಬಂದಿದ್ದ ಸಂಘದ ಸತ್ಯಮ್ಮ ತಲೆ ತಗ್ಗಿಸಿದಳು. ವೀರಭದ್ರಮ್ಮನಿಗೆ ನಾಚಿಕೆಯೂ ಆಗಲಿಲ್ಲ. ಕಟಕಟೆ ಇಳಿದು ಅವಳ ಪಕ್ಕ ಬಂದು ಕೂತಳು, ಅಷ್ಟೇ.

ಮುಂದಿನ ವಾಯಿದೆಗೆ ತಮ್ಮನ ಸರದಿ.

"ಓದಾಕ ಬರ್ತೈತ್ರಿ ಸಾಹೇಬ್ರ. ನಮ್ಮಕ್ಕಗ ಪಾಟಿ ಮ್ಯಾಲ ಅಕ್ಷರ ಕಲಿಸಿದವನ ನಾನು."

ಪೂರ್ತಿ ಸುಳ್ಳೂ ಅಲ್ಲ. ಅವನನ್ನು ಎತ್ತಿ ಆಡಿಸಲೆಂದೇ ಅವಳನ್ನು ಶಾಲೆಗೆ ಹಾಕಿರಲಿಲ್ಲ. ಅವನು ಶಾಲೆಗೆ ಹೋಗತೊಡಗಿದ ಮೇಲೆ ಅವಳ ಹೆಸರು ಬರೆಯುವುದನ್ನು ಕಲಿಸಿದ. ಮಿಕ್ಕ ಅಕ್ಷರಗಳನ್ನೂ ಕಲಿಸೋ ಎಂದು ಅವಳು ಗೋಗರೆದಿದ್ದಳು.

"ನಿನಗ್ಯಾಕ ಬೇಕಕ್ಕ? ನಾನು ಅದೀನಲ್ಲ" ಎಂದು ಅವನು ಆಡಲು ಓಡಿದ್ದ.