ಜೇಕು ಮಾತ್ರ ಉಳಿದಿತ್ತು

ಗ್ಯಾನಮ್ಮನದು ಮೂವತ್ತು ವರ್ಷ ಹುಲ್ಲು ಕಿತ್ತ ಕೈ. ಬಳಗಾನೂರಿನ ಗದ್ದೆಗಳಲ್ಲಿ ಭತ್ತದ ನಡುವೆ ಎದ್ದ ಕಸವನ್ನು ಬೇರುಸಮೇತ ಎಳೆದು ಬದುವಿಗೆ ಎಸೆಯುವುದೇ ಅವಳ ಕೂಲಿಯಾಗಿತ್ತು. ಆರು ವರ್ಷದ ಹಿಂದೆ ಸಿಂಧನೂರಿನ ಆಟದ ಮೈದಾನದಲ್ಲಿ ಕೆಲಸ ಸಿಕ್ಕಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಹುಲ್ಲು ಬೆಳಸಾಕ ಪಗಾರ ಕೊಡ್ತಾರಂತ ನೋಡ್ರಿ!" ಎಂದು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದಳು.

ಬರಬರುತ್ತ ಮೈದಾನದ ಗರಿಕೆಹುಲ್ಲಿನ ಮರ್ಜಿ ತಿಳಿಯಿತು. ದಿನಾ ಒಂದಿಷ್ಟು ನೀರು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ಬಿಸಿಲೇರುವ ಮೊದಲು ಮನಸಾರೆ ಹಾಯಿಸಿದರೆ ಆಳಕ್ಕಿಳಿಯುತ್ತದೆ. ತೀರಾ ಗಿಡ್ಡಕ್ಕೆ ಕತ್ತರಿಸಬಾರದು. ಕತ್ತರಿಸಿದ್ದನ್ನು ಗುಡಿಸಿ ಸುಡಬಾರದು, ಬಿದ್ದಲ್ಲೇ ಗೊಬ್ಬರವಾಗಲಿ. ಇನ್ನು ಕಸ, ಹುಳ ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣಿಯನ್ನಂತೂ ಅವಳು ಗೇಟಿನೊಳಗೆ ಬಿಟ್ಟವಳಲ್ಲ. ಮಕ್ಕಳು ಬರಿಗಾಲಲ್ಲಿ ಓಡುವ ಜಾಗ ಅದು. ಗರಿಕೆಯ ನಡುವೆ ಜೇಕಿನ ಕಳೆ ಎದ್ದರೆ ಕುರ್ಪಿ ಹಿಡಿದು ಕೂತು ತಾನೇ ಗಡ್ಡೆ ತೆಗೆಯುತ್ತಿದ್ದಳು.

ಹೋದ ಶ್ರಾವಣದಲ್ಲಿ ಮಗಳ ಹೆರಿಗೆಗೆಂದು ಲಿಂಗಸುಗೂರಿಗೆ ಹೋದವಳು ಹನ್ನೆರಡು ದಿನ ಬಿಟ್ಟು ಬಂದಳು. ಗೇಟು ದಾಟಿದ್ದೇ ತಡ, ಅಲ್ಲೇ ನಿಂತುಬಿಟ್ಟಳು. ಮೈದಾನಕ್ಕೆ ಮೈದಾನವೇ ಒಣಮೇವಿನ ಬಣ್ಣಕ್ಕೆ ತಿರುಗಿತ್ತು. ಬೇರೆ ಎಲ್ಲಿಗೋ ಬಂದೆನೇನೋ ಎಂದು ಹಿಂತಿರುಗಿ ಗೇಟನ್ನೇ ನೋಡಿದಳು. ಕೂತು ಒಂದು ಎಳೆ ಎಳೆದರೆ ನಡುವಿನ ಸುಳಿ ಕೊಳೆತು ಕೈಗೆ ಬಂತು. ಸತ್ತ ಗರಿಕೆಯ ನಡುವೆ ಜೇಕು ಮಾತ್ರ ಹಸಿರಾಗಿ ತಲೆಯೆತ್ತಿ ನಿಂತಿತ್ತು. ಹಳದಿಯ ನಡುನಡುವೆ ಗೇಣಗಲದ ಹಸಿರು ಗೆರೆ, ಉದ್ದಕ್ಕೂ ನೆಟ್ಟಗೆ. ಬೆನ್ನಿಗೆ ಪಂಪು ಹೊತ್ತವರು ಸಾಲು ಹಿಡಿದು ನಡೆದಾಗ ನಡುವೆ ಎಣ್ಣಿ ತಾಗದೆ ಬಿಟ್ಟುಹೋಗುವ ಗೆರೆ. ಅದನ್ನು ಅವಳು ಗದ್ದೆಗಳಲ್ಲಿ ಎಷ್ಟು ಸಲ ಕಂಡಿಲ್ಲ!

"ಬಾಬುಸಾಬ್, ಯಾರು ಎಣ್ಣಿ ಹೊಡದ್ರು?" ಕಾವಲುಗಾರನನ್ನು ಕೇಳಿದಳು.

"ಯಾರ್ ಅಂದ್ರ? ನಿಮ್ಮ ತಮ್ಮ ಮಾಳಿಂಗರಾಯ. ಅಕ್ಕನ ಕೆಲಸ ಅಂದ. ನೀವ ಕಳಿಸೀರಿ ಅಂತ ಒಳಗ ಬಿಟ್ಟೆ."

ಗ್ಯಾನಮ್ಮ ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿದಳು.

ಮಧ್ಯಾಹ್ನದ ಹೊತ್ತಿಗೆ ಮಾಳಿಂಗರಾಯ ಓಡಿ ಬಂದ. ಊರಿನ ಗದ್ದೆಗಳಿಗೆ ಪಂಪು ಹೊಡೆಯುವುದೇ ಅವನ ದುಡಿಮೆ. ಮೈದಾನ ನೋಡಿದವನೇ ಬಗ್ಗಿ ಒಂದು ಹಿಡಿ ಗರಿಕೆ ಕಿತ್ತ.

"ಜೇಕು ಕಿತ್ತು ಕಿತ್ತು ಬೆರಳು ಸೆಟದಾವು ಅಂತಿದ್ದೆಲ್ಲಬೇ ಯಕ್ಕಾ. ನೀ ಬರೂದ್ರಾಗ ಕಸ ಎಲ್ಲಾ ತಗದಿಡೂಣು ಅಂತ... ಭತ್ತಕ್ಕ ಹೊಡಿಯೂ ಎಣ್ಣೀನ ಇದು. ಭತ್ತಕ್ಕ ಏನೂ ಆಗಂಗಿಲ್ಲ."

"ಲೇ ತಮ್ಮಾ, ಅದು ಭತ್ತ ಉಳಿಸಿ ಹುಲ್ಲು ಕೊಲ್ಲೂ ಎಣ್ಣಿ! ಜೇಕಿಗೆ ಅದು ಹತ್ತಂಗಿಲ್ಲ. ಇಲ್ಲಿ ಹುಲ್ಲ ನಮ್ಮ ಬೆಳಿ ಲೇ! ಹುಲ್ಲ ಬೆಳಿ!"

ಬೈಗುಳ ಬಾಯಿತನಕ ಬಂದು ನಿಂತಿತು. ಅವನು ಸತ್ತ ಗರಿಕೆಯನ್ನು ಅಂಗೈಯಲ್ಲಿಟ್ಟುಕೊಂಡು, ನಂಬಲಾಗದವನಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಸಂಜೆ ಮೈದಾನದ ಸಾಹೇಬರ ಮುಂದೆ ಗ್ಯಾನಮ್ಮ ಇದ್ದದ್ದು ಇದ್ದಂತೆ ಹೇಳಿದಳು. ಅವರು ಮುಂದಿನ ತಿಂಗಳು ಇಲ್ಲಿ ನಡೆಯಬೇಕಿದ್ದ ಕಬಡ್ಡಿ, ಖೊಖೊ ಪಂದ್ಯಗಳನ್ನು ಮಸ್ಕಿಯ ಮೈದಾನಕ್ಕೆ ಕೊಟ್ಟರು. "ನಿನ್ನ ನಂಬಿದ್ನೆಲ್ಲಮ್ಮಾ" ಎಂದಷ್ಟೇ ಹೇಳಿ ಎದ್ದು ಹೋದರು. ಆ ಮಾತು ಅವಳನ್ನು ಎರಡು ದಿನ ಉಣ್ಣಗೊಡಲಿಲ್ಲ.

ಮೂರನೆಯ ದಿನ ಕುರ್ಪಿಯಿಂದ ಅಲ್ಲಲ್ಲಿ ಅಗೆದು ನೋಡಿದಳು. ಕೆಲವು ಕಡೆ ಮಣ್ಣಿನೊಳಗಿನ ಗರಿಕೆಯ ಬಳ್ಳಿ ಇನ್ನೂ ಬಿಳಿಯಾಗಿ ಗಟ್ಟಿಯಾಗಿತ್ತು; ಅಲ್ಲಿ ತಾನೇ ಚಿಗುರೀತು. ಉಳಿದ ಕಡೆಗೆ ಕಾಲುವೆ ದಂಡೆಯಿಂದ ಅಕ್ಕ ತಮ್ಮ ಚೀಲಗಟ್ಟಲೆ ಗರಿಕೆ ಹೊತ್ತು ತಂದು, ಭತ್ತ ನಾಟಿ ಮಾಡಿದ ಹಾಗೆ ಬಗ್ಗಿ ಸಾಲುಸಾಲು ಹಚ್ಚಿದರು.

ದೀಪಾವಳಿಯ ಹೊತ್ತಿಗೆ ಪೂರ್ವದ ಕಡೆ ಹಸಿರಾಯಿತು. ಪಶ್ಚಿಮದ ಕಾಲು ಭಾಗ ಇವತ್ತಿಗೂ ಬೋಳು. ಮಕ್ಕಳು ಅಲ್ಲಿ ಬಿದ್ದು ಮೊಣಕಾಲು ತರಚಿಕೊಂಡರೆ ಮಾಳಿಂಗರಾಯ ಮುಖ ತಿರುಗಿಸುತ್ತಾನೆ. ಗದ್ದೆಗೆ ಪಂಪು ಹೊಡೆಯಲು ಯಾರಾದರೂ ಕರೆದರೆ, ಡಬ್ಬಿಯ ಮೇಲಿನ ಬರಹವನ್ನು ಓದು ಬಲ್ಲವರಿಂದ ಓದಿಸಿಕೊಳ್ಳದೆ ಮುಚ್ಚಳ ತೆಗೆಯುವುದಿಲ್ಲ.