ನಿಮ್ಮ ಅಜ್ಜನ ಸಿಹಿ ಮದ್ದು, ನನ್ನ ಅನುಮಾನ

ನಿಮ್ಮ ಅಜ್ಜ ಮತ್ತೆ ಕುಡಿಯಲು ಶುರು ಮಾಡಿದ್ದಾರೆ ಎಂದು ನನಗೆ ಅನುಮಾನ ಬಂದದ್ದು ಭತ್ತ ಹಾಲುಗಟ್ಟುವ ಸಮಯದಲ್ಲಿ. ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಚೇಕಾಡಿಯ ನಮ್ಮ ಗದ್ದೆಗೆ ಆನೆಗಳು ಮಾತ್ರ ಹಳೇ ದಾರಿಯಲ್ಲೇ ಬರುತ್ತಿದ್ದವು. ಗಂಡಸರು ಕತ್ತಲಾಗುವ ಮೊದಲೇ ಏರುಮಾಡ ಹತ್ತುತ್ತಿದ್ದರು. ಏರುಮಾಡ ಎಂದರೆ ಮರದ ಮೇಲೆ ಕಟ್ಟಿದ ಕಾವಲಿನ ಅಟ್ಟಣೆ. ಹತ್ತಿದವರು ಬೆಳಕು ಹರಿಯುವ ತನಕ ಇಳಿಯುವಂತಿರಲಿಲ್ಲ.

ಅದರ ಹಿಂದಿನ ಬೇಸಿಗೆಯಲ್ಲಿ ಅಜ್ಜನ ಹೊಟ್ಟೆಯಲ್ಲಿ ನೀರು ತುಂಬಿತ್ತು. ಲಿವರು ಗಟ್ಟಿಯಾಗಿದೆ, ಇನ್ನು ಸಾರಾಯಿ ಮುಟ್ಟಿದರೆ ಬದುಕುವುದಿಲ್ಲ ಎಂದು ಕಲ್ಪೆಟ್ಟದ ಡಾಕ್ಟರು ಹೇಳಿದ ಮೇಲೆ ಅವರು ಕುಡಿತ ಬಿಟ್ಟಿದ್ದರು. ಡಾಕ್ಟರು ಒಂದು ಸಿರಪ್ಪನ್ನೂ ಕೊಟ್ಟಿದ್ದರು. ಬೆಲ್ಲದ ಪಾಕದಂತೆ ಸಿಹಿ, ಅಂಟಂಟು. ಕುಡಿದರೆ ಹೊಟ್ಟೆ ಸಡಿಲವಾಗುತ್ತಿತ್ತು. ಮಲಬದ್ಧತೆಯೇ ಇಲ್ಲದವರಿಗೆ ಭೇದಿಯ ಮದ್ದು ಯಾಕೆ ಎಂದು ನನಗೆ ಅದರ ಮೇಲೂ ಸಂಶಯವಿತ್ತು. ಆದರೆ ಡಾಕ್ಟರ ಮುಂದೆ ಆ ಮಾತು ಎತ್ತಲು ನಾಚಿಕೆಯಾಗಿ ಸುಮ್ಮನೆ ಬಂದಿದ್ದೆ.

ಕಾವಲಿನಿಂದ ಬಂದ ಅಜ್ಜ ಜಗಲಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ನಿದ್ದೆಗೆಟ್ಟವರು ತೂಕಡಿಸುವುದು ಸಹಜ. ಆದರೆ ಗಂಜಿಯ ಬಟ್ಟಲು ಕೈಯಲ್ಲಿ ನಡುಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದರು. ಎಂದೋ ಸತ್ತ ಎತ್ತಿಗೆ ಹುಲ್ಲು ಹಾಕಿದೆಯಾ ಎಂದು ಒಂದು ದಿನ ಕೇಳಿದರು. ಹೊದಿಕೆ ಸರಿಪಡಿಸುವ ನೆಪದಲ್ಲಿ ಬಗ್ಗಿ ಬಾಯಿ ಮೂಸಿದೆ. ಸಾರಾಯಿಯ ವಾಸನೆ ಇರಲಿಲ್ಲ, ಏನೋ ಸಿಹಿಯಾದ ಮುಗ್ಗಲು ವಾಸನೆ. ಇದು ಯಾವುದೋ ಹೊಸ ನಮೂನೆಯ ಸಾರಾಯಿ ಇರಬೇಕು ಎಂದುಕೊಂಡೆ.

ಅವರ ಜೊತೆ ಏರುಮಾಡದಲ್ಲಿ ಕೂರುತ್ತಿದ್ದವನು ನನ್ನ ಮೈದುನ. ಅವನು ಕುಡಿಯುತ್ತಿದ್ದದ್ದು ಊರಿಗೇ ಗೊತ್ತಿತ್ತು. ಬಾವಿಯ ಹತ್ತಿರ ಅವನನ್ನು ತಡೆದು ಕೇಳಿದೆ.

“ಮರದ ಮೇಲೆ ಅಣ್ಣನಿಗೆ ಏನು ಕೊಡ್ತಿದ್ದೀಯ?”

“ಬೀಡಿ ಕೊಡ್ತೀನಿ. ಇನ್ನೇನು ಕೊಡ್ಲಿ ಅತ್ತಿಗೆ?”

“ಸಾರಾಯಿ.”

“ನಂಗೇ ಸಾಲದ್ದನ್ನ ಅಣ್ಣನಿಗೆ ಕೊಡೋಕೆ ನಾನೇನು ಧರ್ಮರಾಯನಾ?” ಎಂದು ನಕ್ಕ. ನಾನು ನಗದಿದ್ದದ್ದು ನೋಡಿ ಅವನ ಮುಖ ಬದಲಾಯಿತು. “ದೇವರಾಣೆ ಅತ್ತಿಗೆ, ಒಂದು ತೊಟ್ಟೂ ಇಲ್ಲ. ನೀವು ಕುಡಿಸೋ ಆ ಪಾಕದಲ್ಲೇ ಏನೋ ಇರ್ಬೇಕು, ನೋಡಿ.”

ಹೌದಲ್ಲ ಎಂದು ಒಳಗೆ ಹೋಗಿ, ಕಾವಲು ಶುರುವಾದಾಗ ತಂದಿದ್ದ ಬಾಟಲಿ ತೆಗೆದೆ. ಆ ಹೊತ್ತಿಗೆ ಅದು ತೀರಬೇಕಿತ್ತು. ಕತ್ತಿನವರೆಗೂ ತುಂಬಿತ್ತು. ಅಜ್ಜ ಹೊರಗೆ ಹೋಗುವಾಗ ಒಯ್ಯುವ ಚೆಂಬು ಹಿತ್ತಲ ಬಾಗಿಲಿನಲ್ಲಿತ್ತು, ಮುಟ್ಟಿ ನೋಡಿದೆ. ತಳದಲ್ಲಿ ಧೂಳು ಕೂತಿತ್ತು.

“ಮದ್ದು ಕುಡಿದ್ರಾ?”

“ಕುಡಿದೆ.”

“ಬಾಟ್ಲಿ ತುಂಬಿದೆ.”

“ಹಾಗಾದ್ರೆ ಬಾಟ್ಲಿ ಕಾಯೋಕೂ ಒಂದು ಏರುಮಾಡ ಕಟ್ಟು,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಎಬ್ಬಿಸಿದರೆ ಕಣ್ಣು ಬಿಟ್ಟು ನನ್ನನ್ನು “ಅವ್ವ” ಎಂದು ಕರೆದರು. ಮೈದುನ ಪುಲ್ಪಳ್ಳಿಯಿಂದ ಜೀಪು ತಂದ. ಕಲ್ಪೆಟ್ಟ ಸೇರುವ ತನಕ ಅಜ್ಜನ ತಲೆ ನನ್ನ ಹೆಗಲ ಮೇಲೆ ಕಲ್ಲಿನಂತೆ ಬಿದ್ದಿತ್ತು. ಇವರನ್ನು ನಡೆಸಿಕೊಂಡು ವಾಪಸ್ ಹೋಗುತ್ತೇನೆ ಎಂಬ ನಂಬಿಕೆ ನನಗಿರಲಿಲ್ಲ.

“ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತಾರೆ?” ಡಾಕ್ಟರು ಕೇಳಿದರು.

ಮೈದುನ ಗೋಡೆ ನೋಡಿದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಹೋಗೋದೇ ಇಲ್ಲ, ಮದ್ದು ನಿಲ್ಲಿಸಿದ್ದಾರೆ,” ಎಂದೆ.

ಕೆಟ್ಟ ಲಿವರು ವಿಷವನ್ನು ತೊಳೆಯಲಾರದು, ಅದು ಮಲದ ಜೊತೆ ಹೋಗಬೇಕು, ಹೋಗದಿದ್ದರೆ ತಲೆಗೆ ಏರುತ್ತದೆ ಎಂದು ಅವರು ಮಲಯಾಳದಲ್ಲಿ ಬಿಡಿಸಿ ಹೇಳಿದರು. “ಚಮಚ ಎಣಿಸಬೇಡಿ ಅಮ್ಮಾ, ಹೋಗೋದನ್ನ ಎಣಿಸಿ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗ್ಬೇಕು. ಕಡಿಮೆಯಾದ್ರೆ ಸ್ವಲ್ಪ ಹೆಚ್ಚು ಕೊಡಿ. ನೀರಾಗಿ ಹೋದ್ರೆ ಸ್ವಲ್ಪ ಇಳಿಸಿ, ಅದೂ ಒಳ್ಳೇದಲ್ಲ. ನಿಲ್ಲಿಸೋದು ಮಾತ್ರ ಇಲ್ಲ. ಮಾತು ಅಡ್ಡಾದಿಡ್ಡಿಯಾದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ.” ಉಪ್ಪು ಕಡಿಮೆ ಮಾಡಲೂ ಹೇಳಿದರು.

ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆಸಿದ ಮೇಲೆ ಅಜ್ಜನ ತಲೆ ಮೆಲ್ಲಗೆ ತಿಳಿಯಾಯಿತು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

“ಮರದ ಮೇಲೆ ಕೂತವನಿಗೆ ಹೊಟ್ಟೆ ಇಳಿದ್ರೆ ಎಲ್ಲಿಗೆ ಹೋಗ್ಲಿ? ಕೆಳಗೆ ಆನೆ ನಿಂತಿರ್ತದೆ.”

“ಆನೆಗೂ ಮಾನ ಮರ್ಯಾದೆ ಇದೆ ಅಣ್ಣ, ತಾನೇ ಓಡಿ ಹೋಗ್ತಿತ್ತು,” ಎಂದ ಮೈದುನ.

ಆಮೇಲೆ ಅಜ್ಜ ಏರುಮಾಡ ಹತ್ತಲಿಲ್ಲ. ಹಗಲಲ್ಲಿ ಗಿಳಿ ಓಡಿಸಲು ಕೂತರು. ಅದು ಮಕ್ಕಳ ಕೆಲಸ ಎಂದು ಸಿಡುಕುತ್ತಿದ್ದರು. ನಾನು ಮದ್ದು ಅಳೆದು ಕೊಟ್ಟು, ಗಂಟಲು ಅಲುಗುವ ತನಕ ಎದುರಿಗೇ ನಿಲ್ಲುತ್ತಿದ್ದೆ. ಕೆನ್ನೆಯಲ್ಲಿ ಇಟ್ಟುಕೊಂಡು ಹಿತ್ತಲಲ್ಲಿ ಉಗಿದರೆ ಏನು ಗತಿ? ಆಯಿತೇ ಎಂದು ಕೇಳಲು ಮೊದಮೊದಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ಸುಳಿದಾಡುವುದನ್ನು ಕಂಡು ಅವರೇ ರೇಗಿ, ಗದ್ದೆಯವರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: “ಎರಡನೇದೂ ಆಯ್ತು ಕಣೇ!”

ಆದರೂ ನಾನು ನಂಬುತ್ತಿರಲಿಲ್ಲ. ತಲೆ ಸರಿ ಇದೆಯೋ ನೋಡೋಣವೆಂದು ಒಂದು ದಿನ ಕೇಳಿದೆ: “ನಿನ್ನೆ ಪುಲ್ಪಳ್ಳಿಗೆ ಹೋಗಿದ್ದು ಯಾರು?”

“ನೀನೇ. ಬೇಕಂತಲೇ ಉಪ್ಪು ಮರೆತು ಬಂದೆ,” ಎಂದು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

ಆ ದಿನ ಮದ್ದನ್ನು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ.