ಅಣ್ಣನ ಕಣದಲ್ಲಿ ಗಾಡಿ ಎತ್ತಿದ್ದು

ನಮ್ಮ ಗಾಡಿಯ ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ ಎಂದರೆ ಜನ ಮೊದಲು ನನ್ನ ಸೀರೆ ನೋಡುತ್ತಾರೆ, ಆಮೇಲೆ ನನ್ನ ಗಾತ್ರ ನೋಡುತ್ತಾರೆ, ಕೊನೆಗೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಅವರು "ನನ್ನನ್ನೇನು ನೋಡ್ತೀರಿ, ನಂದು ಅಡುಗೆ ಇಲಾಖೆ" ಎಂದು ನಕ್ಕುಬಿಡುತ್ತಾರೆ. ನಿಜವೇ. ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ ಅದನ್ನೊಂದು ಓಡಾಡುವ ಮನೆ ಮಾಡಿಕೊಂಡ ಮೇಲೆ ನಾವಿಬ್ಬರೂ ಕೆಲಸ ಹಂಚಿಕೊಂಡೆವು. ಒಗ್ಗರಣೆ ಅವರದು, ಎಂಜಿನ್ನು ನನ್ನದು. ಸ್ಟೇರಿಂಗು ಮಾತ್ರ ಯಾರು ಮೊದಲು ಹತ್ತಿ ಕೂರುತ್ತಾರೋ ಅವರದು.

ಗ್ಯಾರೇಜಿಗೆ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ಆದರೆ ನನ್ನ ತಲೆಗೆ ಎಣ್ಣೆ ನಾನೇ ಹಚ್ಚಿಕೊಳ್ಳಬೇಕು. ಬೇರೆಯವರು ಹಚ್ಚಿದರೆ ನೆತ್ತಿಗೆ ಇಳಿಯಿತೆಂದು ಅನಿಸುವುದೇ ಇಲ್ಲ. ಗಾಡಿಯದೂ ಹಾಗೆಯೇ. ಹಳೆಯ ಆಯಿಲ್ ಎಷ್ಟು ಕಪ್ಪಾಗಿದೆ, ಬೆರಳಿಗೆ ಮರಳಿನಂಥದ್ದೇನಾದರೂ ತಾಗುತ್ತದೆಯೇ ಎಂದು ನಾನೇ ಮುಟ್ಟಿ ನೋಡಿದ್ದರೆ, ಹನೂರು ದಾಟಿ ಬೆಟ್ಟದ ಏರು ಹತ್ತುವಾಗ ನನಗೆ ಧೈರ್ಯ.

ಒಂದೇ ತೊಡಕು. ಮೆಕ್ಯಾನಿಕ್ಕುಗಳು ಕಡ್ಡಿಯಂತಿರುತ್ತಾರೆ, ಗಾಡಿ ನಿಂತಂತೆಯೇ ಕೆಳಗೆ ನುಸುಳುತ್ತಾರೆ. ನಾನು ನುಸುಳಬೇಕಾದರೆ ಗಾಡಿಯೇ ಮೇಲೇಳಬೇಕು. ಕೊಳ್ಳೇಗಾಲದ ನಮ್ಮ ಬೀದಿ ಇಳಿಜಾರು, ಪಕ್ಕದಲ್ಲೇ ಚರಂಡಿ. ಅಲ್ಲಿ ಜಾಕ್ ಕೊಡುವುದು ಸಾವನ್ನು ಮನೆಗೆ ಕರೆದಂತೆ. ಹಾಗಾಗಿ ಹೋದ ವರ್ಷ ಗಾಡಿಯನ್ನು ಹೊನ್ನೂರಿನ ನನ್ನ ತವರಿಗೆ ತಂದೆವು. ಅಲ್ಲಿ ಈಗ ಅಣ್ಣನ ಸಂಸಾರ. ಮನೆಯ ಮುಂದೆ ದೊಡ್ಡ ಕಣ, ಸಗಣಿ ಸಾರಿಸಿ ಭತ್ತ ಒಣಗಿಸುವ ಸಮತಟ್ಟು ಜಾಗ.

ಗಾಡಿ ನೋಡಿ ಅಣ್ಣ ಹಿಗ್ಗಿದ. ಡಿಕ್ಕಿಯಿಂದ ಜಾಕ್ ಇಳಿಸಿದ್ದು ನೋಡಿ ಅವನ ಮುಖ ಗಂಟಾಯಿತು.

ಅದಕ್ಕೆ ಕಾರಣವಿದೆ. ಅವನಿಗೆ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ, ಕಬ್ಬು ತುಂಬಿದ ಟ್ರೈಲರಿನ ಕೆಳಗೆ ನಮ್ಮ ಚಿಕ್ಕಪ್ಪ ಅವನ ಕಣ್ಣೆದುರೇ ತೂರಿದ್ದರು. ಜಾಕ್ ಜಾರಿತು. ಚಿಕ್ಕಪ್ಪ ಉಳಿದರು, ಆದರೆ ಬದುಕಿರುವ ತನಕ ಒಂದು ಕಾಲು ಎಳೆದುಕೊಂಡೇ ನಡೆದರು. ಅಂದಿನಿಂದ ಅಣ್ಣ ಯಾವ ಗಾಡಿಯ ಕೆಳಗೂ ಹೋದವನಲ್ಲ, ಮನೆಯವರನ್ನು ಹೋಗಲು ಬಿಟ್ಟವನಲ್ಲ. ಟ್ರ್ಯಾಕ್ಟರ್ ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಸುತ್ತಾನೆ. ಮೆಕ್ಯಾನಿಕ್ಕು ಕೆಳಗೆ ತೂರಿದ ಕೂಡಲೇ ತಾನು ಗದ್ದೆಯ ಕಡೆ ಹೊರಟುಬಿಡುತ್ತಾನೆ.

"ನಿಂಗ್ಯಾಕಮ್ಮಿ ಈ ಉಸಾಬರಿ? ಯಳಂದೂರ್ನಿಂದ ಮೆಕ್ಯಾನಿಕ್ ಕರ್ಸ್ತೀನಿ, ಬುಡು" ಎಂದ.

"ಅವ್ನೂ ಒಬ್ಬ ತಾಯಿ ಮಗ ಅಲ್ವಾ ಅಣ್ಣ?" ಎಂದೆ.

ಮಾತಿನಲ್ಲಿ ಸೋತಾಗ ಷರತ್ತು ಹಾಕುವುದು ಅವನ ಹಳೆಯ ಚಾಳಿ. "ಆಯ್ತು, ಮಾಡು. ಆದ್ರೆ ಗಾಡಿ ಒಂದ್ಕಿತ ಅಳ್ಳಾಡ್ತು ಅನ್ನು, ಕೀ ನಂಗ್ಕೊಟ್ಟು ಇಬ್ರೂವೆ ಬಸ್ಸತ್ಕಂಡು ಓಗ್ಬೇಕು. ಇದು ಇಲ್ಲೇ ಕೋಳಿಗೂಡಾಯ್ತದೆ."

ಅವನು ಅಂದರೆ ಮಾಡುವವನೇ. ಅಣ್ಣನ ಮಾತು ಮೀರಿ ಗಾಡಿ ಹೊರಡಿಸಿಕೊಂಡು ಹೋಗುವಷ್ಟು ಗಟ್ಟಿ ನಾನೂ ಅಲ್ಲ. ಇಳಿವಯಸ್ಸಿನಲ್ಲಿ ಕಂಡುಕೊಂಡ ನಮ್ಮ ತಿರುಗಾಟವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತು. ಆದರೂ ಒಪ್ಪಿಕೊಂಡೆ. ಹುಟ್ಟಿದಾಗಿನಿಂದ ನಾವಿಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ.

ಮೊದಲು ಟ್ಯಾಂಕಿನ ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಿಟ್ಟು ಗಾಡಿಯ ಭಾರ ಇಳಿಸಿದೆ. ಒಳಗೆ ಕಾಫಿ ಕಾಯಿಸುತ್ತಿದ್ದ ಯಜಮಾನರನ್ನೂ ಇಳಿಸಿದೆ. ಎತ್ತಿದ ಗಾಡಿಯೊಳಗೆ ಯಾರೂ ಇರಕೂಡದು, ಕಾಫಿಗಾಗಿಯೂ ಕೂಡದು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಮರದ ತುಂಡು ಒತ್ತಿದೆ. ಅಷ್ಟರಲ್ಲಿ ಅಣ್ಣ ಮನೆ ಕಟ್ಟಿದಾಗ ಉಳಿದಿದ್ದ ಸೈಜುಕಲ್ಲುಗಳನ್ನು ಹೊತ್ತು ತಂದ.

"ಗಾಡಿ ಕೆಳ್ಗೆ ಇವ ಜೋಡ್ಸಮ್ಮಿ. ಕಲ್ಲು ಮೋಸ ಮಾಡಕಿಲ್ಲ."

"ಮಾಡ್ತದೆ ಕಣಣ್ಣ. ಮರ ಮುರಿಯೋಕ್ ಮುಂಚೆ ಕಿರಗುಟ್ತದೆ, ಕಲ್ಲು ಏಳ್ದೆ ಕೇಳ್ದೆ ಒಡ್ದೋಯ್ತದೆ. ನನ್ತಾವ ಕಬ್ಬಿಣದ ಸ್ಟ್ಯಾಂಡ್ ಅವೆ."

ಅವನ ಮನಸ್ಸು ನೋಯಬಾರದೆಂದು ಕಲ್ಲುಗಳನ್ನು ಹಿಂದಿನ ಗಾಲಿಗಳಿಗೇ ಇನ್ನೊಂದು ಒತ್ತಾಗಿ ಕೊಟ್ಟೆ. ಜಾಕಿನಡಿ ದಪ್ಪ ಹಲಗೆ ಇಟ್ಟು ಎತ್ತತೊಡಗಿದೆ. ಮುಂಗಾಲಿ ನೆಲ ಬಿಟ್ಟಿತು. ಇನ್ನೊಂದಿಷ್ಟು ಒತ್ತಿದಾಗ ಹಲಗೆಯ ಒಂದು ತುದಿ ಮೆಲ್ಲಗೆ ಮಣ್ಣಿಗೆ ಇಳಿಯಿತು, ಗಾಡಿ ಪಕ್ಕಕ್ಕೆ ವಾಲಿತು. ಕ್ಷಣ ತಡಮಾಡದೆ ಇಳಿಸಿಬಿಟ್ಟೆ. ಬೇಲಿಯಾಚೆ ನಾಲೆ ಹರಿಯುತ್ತಿತ್ತು. ಕಣ ಮೇಲೆ ಹಪ್ಪಳದಂತೆ ಒಣಗಿದ್ದರೂ ಒಳಗೆಲ್ಲ ಹಸಿಯಾಗಿತ್ತು.

"ಅಳ್ಳಾಡ್ತು! ಕೀ ತತ್ತಾ" ಎಂದು ಅಣ್ಣ ಕೈ ಚಾಚಿದ.

"ನಾನು ಕೆಳ್ಗಿದ್ನಾ?"

"ಇರ್ನಿಲ್ಲ."

"ಅದ್ಕೇ ಮತ್ತೆ. ಅಳ್ಳಾಡೋದಾದ್ರೆ ಈಗ್ಲೇ ಅಳ್ಳಾಡ್ಲಿ ಅಂತಾನೇ ಈಚೆ ನಿಂತ್ಕಂಡು ಎತ್ತೋದು."

ಚಾಚಿದ ಕೈ ಹಿಂದೆ ಹೋಗಲಿಲ್ಲ. "ಭಾವ, ಇನ್ನೊಂದ್ಸಲ ನೋಡಣ. ನಿಧಾನವೇ ಪ್ರಧಾನ" ಎಂದು ಯಜಮಾನರು ಕಾಫಿ ಲೋಟವನ್ನು ಆ ಕೈಯಲ್ಲಿಟ್ಟರು. ನನ್ನ ಗಂಡ ಇಂಥ ಕಡೆ ಬಹಳ ಜಾಣ.

ಗಾಡಿಯನ್ನು ಕಣದ ಆಚೆ ತುದಿಗೆ ಒಯ್ದೆ. ಕಬ್ಬಿನ ಲಾರಿಗಳು ನಿಂತು ನಿಂತು ಗಟ್ಟಿಯಾಗಿದ್ದ ನೆಲ ಅದು. ಹಾರೆ ಹಾಕಿ ನೋಡಿದೆ, ಠಣ್ಣೆಂದಿತು. ಮತ್ತೆ ಹಿಂದಿನ ಗಾಲಿಗಳಿಗೆ ಒತ್ತು ಕೊಟ್ಟು, ಒಂದು ಕಡೆ ಎತ್ತಿ ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಇಟ್ಟೆ, ಇನ್ನೊಂದು ಕಡೆಗೂ ಹಾಗೆಯೇ ಮಾಡಿದೆ. ಆಮೇಲೆ ಜಾಕನ್ನು ಸಡಿಲಿಸಿ ಭಾರವನ್ನೆಲ್ಲ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಇದೊಂದು ನನಗೆ ವೇದವಾಕ್ಯ. ಮೂವರೂ ಹೆಗಲು ಕೊಟ್ಟು ನೂಕಿದೆವು. ಅಣ್ಣನಂತೂ ದ್ವೇಷವಿದ್ದವನ ಹಾಗೆ ನೂಕಿದ. ಗಾಡಿ ಜಪ್ಪಯ್ಯ ಎನ್ನಲಿಲ್ಲ.

ಕೀ ಸೊಂಟಕ್ಕೆ ಸಿಕ್ಕಿಸಿ, ಗೋಣಿತಾಟು ಹಾಸಿ ಕೆಳಗೆ ತೂರಿದೆ. ಅಲ್ಲಿ ನಾನು ರಾಣಿ. ಬೋಲ್ಟ್ ಬಿಚ್ಚಿದಾಗ ಬೆಚ್ಚಗಿನ ಆಯಿಲ್ ಜಡೆಯಂತೆ ಬಾಣಲೆಗೆ ಇಳಿಯಿತು. ಬೆರಳಿಗೆ ಮುಟ್ಟಿಸಿಕೊಂಡೆ, ನುಣ್ಣಗಿತ್ತು. ಎಂಜಿನ್ನು ಸುಖವಾಗಿದೆ ಎಂದು ನನಗೂ ಸುಖವಾಯಿತು.

ಅಲ್ಲಿಂದ ಕಾಣುತ್ತಿದ್ದದ್ದು ಬರೀ ಕಾಲುಗಳು. ಯಜಮಾನರ ಹವಾಯಿ ಚಪ್ಪಲಿ ನೆರಳು ಹುಡುಕಿಕೊಂಡು ಹೋಯಿತು. ಅಣ್ಣನ ಬರಿಗಾಲು ಮಾತ್ರ ಬಂಪರಿನ ಮುಂದೆ ನೆಟ್ಟಗೆ ನಿಂತಿತ್ತು. ಈ ಸಲ ಅವನು ಗದ್ದೆಗೆ ಹೋಗಿರಲಿಲ್ಲ.

"ಅಣ್ಣ, ಆ ದೊಡ್ಡ ಸ್ಪ್ಯಾನರ್ ಕೊಡು" ಎಂದೆ.

"ನನ್ಕೈಲಾಗಕಿಲ್ಲ. ನಿನ್ ಗಂಡುನ್ ಕೇಳು."

ನನಗೆ ಸಿಟ್ಟು ನೆತ್ತಿಗೇರಿತು. ಕೀ ಕಿತ್ತುಕೊಳ್ಳಲು ಕಾವಲು ನಿಂತಿದ್ದಾನೆ, ಒಂದು ಸ್ಪ್ಯಾನರ್ ಕೊಡಲಾರದಷ್ಟು ಹಟ ಎಂದುಕೊಂಡೆ. ಯಜಮಾನರೇ ಬಂದು ಕೊಟ್ಟರು. ಫಿಲ್ಟರ್ ಬದಲಿಸಿ, ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಮಾಡಿದೆ. ಬೈಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಈಚೆ ಜಾರಿ ಎದ್ದು ಕುಳಿತೆ.

ಅಣ್ಣ ನಡು ಬಗ್ಗಿಸಿ, ಎರಡೂ ಕೈಗಳಿಂದ ಬಂಪರನ್ನು ಕೆಳಗಿನಿಂದ ಹಿಡಿದುಕೊಂಡು ನಿಂತಿದ್ದ. ತೋಳಿನ ನರ ಉಬ್ಬಿದ್ದವು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ನಾನು ಕೆಳಗಿದ್ದಷ್ಟು ಹೊತ್ತೂ ಹಾಗೆಯೇ ನಿಂತಿದ್ದಾನೆ.

"ಆನೆಯಂಥ ಗಾಡಿ ಕಣಣ್ಣ. ಬಿದ್ದಿದ್ರೆ ನೀನು ಇಡ್ಕತಿದ್ಯಾ?"

"ಇಡ್ಕತಿದ್ದೆ" ಎಂದ. "ಮೊದ್ಲು ಕಾಲ್ ಈಚೆ ತಕ್ಕಮ್ಮಿ."

ನೋಡಿಕೊಂಡೆ. ನನ್ನ ಎರಡೂ ಕಾಲು ಇನ್ನೂ ಗಾಡಿಯ ಕೆಳಗೇ ಇದ್ದವು. ಅವನ್ನು ಎಳೆದುಕೊಂಡೆ. ಆಮೇಲೆಯೇ ಅಣ್ಣ ಬಂಪರ್ ಬಿಟ್ಟ.